ಬೈಂಡರ್ ಯಜಮಾನರ ಪಿಟೀಲು

ಮೆಟ್ಟಿಲ ತಿರುವಿನಲ್ಲಿ ಖಾಲಿ ಸ್ಟ್ರೆಚರು ಸಿಕ್ಕಿಕೊಂಡಿತ್ತು. ಮೇಲಿದ್ದವರು ಎಳೆಯುತ್ತಿದ್ದರು, ಕೆಳಗಿದ್ದವರು ತಳ್ಳುತ್ತಿದ್ದರು, ತಪ್ಪು ಮಾತ್ರ ಎದುರಿನವರದು.

“ಎಳೀಬೇಡಿ, ಗೋಡೆ ಕಡೆ ವಾಲಿಸಿ,” ಎಂದಳು ಕೆಳಮನೆಯ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದವಳು ತನ್ನ ಮನೆಯ ಬೀಗ ಕೂಡ ತೆಗೆಯದೆ ಮೇಲೆ ಹತ್ತಿದ್ದಳು.

ವಾಲಿಸಿದರು. ಸಲೀಸಾಗಿ ಹೋಯಿತು.

“ನಮ್ಮ ಭಾವ ಇದ್ದಿದ್ರೆ ಅಳತೆ ತಗೊಳ್ದೆ ಮುಟ್ಟೋಕೇ ಬಿಡ್ತಿರ್ಲಿಲ್ಲ,” ಎಂದು ಬೈಂಡರ್ ಯಜಮಾನರ ಭಾವಮೈದ ಮೂಗು ಒರೆಸಿಕೊಂಡ. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದ ಮನುಷ್ಯ ನಿನ್ನೆ ಮಧ್ಯಾಹ್ನ ಅಂಗಡಿಯಲ್ಲೇ, ಅಂಟಿನ ಬ್ರಷ್ಷು ಕೈಯಲ್ಲಿರುವಾಗಲೇ ಕುಸಿದು ತೀರಿಕೊಂಡಿದ್ದರು.

ನರ್ಸಿಗೆ ಯಜಮಾನರ ಹೆಂಡತಿಯ ಹತ್ತಿರ ಒಂದು ಮಾತು ಹೇಳಬೇಕಿತ್ತು. ಬಸ್ಸಿನಲ್ಲಿ ಬರುವಾಗ ಬಾಯಿಪಾಠ ಮಾಡಿಕೊಂಡಿದ್ದಳು. ಸ್ಮಶಾನಕ್ಕೆ ವ್ಯಾನು ಹೊರಡುವ ಮೊದಲು ಹೇಳದಿದ್ದರೆ ಈ ಜನ್ಮದಲ್ಲಿ ಹೇಳುವುದಿಲ್ಲವೆಂದು ಅವಳಿಗೇ ಗೊತ್ತಿತ್ತು.

ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

“ಪಿಟೀಲು ಎಲ್ಲಿ? ಪಕ್ಕದಲ್ಲಿ ಇಡೋಣ್ವಾ?” ಎಂದು ಯಾರೋ ಕೇಳಿದರು.

“ಅಂಗಡೀಲಿದೆ. ಮನೇಲಿ ಕುಯ್ಯೋದು ಬಿಟ್ಟು ವರ್ಷ ಆಯ್ತಲ್ಲ,” ಎಂದ ಭಾವಮೈದ. “ಯಾರೋ ಪುಣ್ಯಾತ್ಮರು ಕಂಪ್ಲೇಂಟ್ ಕೊಟ್ರು.”

ನರ್ಸು ಬಾಗಿಲ ಮರೆಗೆ ಸರಿದಳು.

*

ಆ ಪುಣ್ಯಾತ್ಮಳು ಅವಳೇ. ಯಜಮಾನರು ಅರವತ್ತು ದಾಟಿದ ಮೇಲೆ ಹಳೆಯ ಪಿಟೀಲೊಂದನ್ನು ತಂದು ತಾವೇ ಕಲಿಯತೊಡಗಿದ್ದರು. ಬೆಳಿಗ್ಗೆ, ಅಂಗಡಿ ತೆಗೆಯುವ ಮೊದಲು. ಅಂದರೆ ಪಾಳಿ ಮುಗಿಸಿದ ನರ್ಸು ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ. ಒಂದೇ ಹಾಡು, ಅದೂ ಪೂರ್ತಿಯಿಲ್ಲ. ಒಂದು ಸಾಲು ಮೇಲೇರಿ, ಇನ್ನೇನು ತಿರುಗಬೇಕು ಎನ್ನುವಲ್ಲಿ ಕಿರ್ರೆಂದು ಮುಗ್ಗರಿಸುತ್ತಿತ್ತು. ಮತ್ತೆ ಮೊದಲಿನಿಂದ. ಅವಳು ಪೊರಕೆಯ ಹಿಡಿಯಿಂದ ಸೂರು ಕುಟ್ಟಿದಳು. ದಿಂಬಿನಡಿ ತಲೆ ತೂರಿಸಿದಳು. ಕೊನೆಗೆ ಸಹಿಯಿಲ್ಲದ ಅರ್ಜಿಯೊಂದನ್ನು ಬರೆದು ಕಟ್ಟಡದ ಸೆಕ್ರೆಟರಿಯ ಡಬ್ಬಿಗೆ ಹಾಕಿದಳು. ವಾರದೊಳಗೆ ಮೇಲ್ಮನೆ ತಣ್ಣಗಾಯಿತು. ಅವಳು ಕಣ್ತುಂಬ ನಿದ್ದೆ ಮಾಡಿದಳು. ಸುಳ್ಳೇಕೆ, ಸುಖವಾಗಿಯೇ ಮಾಡಿದಳು.

ಆರು ತಿಂಗಳ ಹಿಂದೆ ಆಸ್ಪತ್ರೆಯ ವಾರ್ಷಿಕೋತ್ಸವ. ಚೀಟಿ ಹಿಡಿದ ರೋಗಿಗಳು ಕಾಯುವ ಹಜಾರದಲ್ಲೇ ಸಂಗೀತ ಕಾರ್ಯಕ್ರಮ. ಬರಬೇಕಿದ್ದ ಹಾಡುಗಾರ ಕೈಕೊಟ್ಟ. ಆಸ್ಪತ್ರೆಯ ರಿಜಿಸ್ಟರುಗಳಿಗೆ ರಟ್ಟು ಕಟ್ಟುತ್ತಿದ್ದವರು ಇದೇ ಬೈಂಡರು. ಅವರ ಅಂಗಡಿ ಹಿಂದಿನ ಬೀದಿಯಲ್ಲೇ. ರೆಕಾರ್ಡ್ ರೂಮಿನ ಗುಮಾಸ್ತ ಓಡಿಹೋಗಿ ಅವರನ್ನು ಪಿಟೀಲಿನ ಸಮೇತ ಎಳೆದುತಂದು, “ಒಬ್ಬ ಹೊಸ ಪ್ರತಿಭೆ” ಎಂದು ಮೈಕಿನಲ್ಲಿ ಸಾರಿದ. ಬೋಳುತಲೆಯ ಪ್ರತಿಭೆಯನ್ನು ಕಂಡು ಜನ ನಕ್ಕರು. ಆ ವಾರ ಹಗಲು ಪಾಳಿಯಲ್ಲಿದ್ದ ನರ್ಸಿಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು.

ಅದೇ ಸಾಲು. ಮೇಲೇರಿತು. ಇನ್ನು ಮುಗ್ಗರಿಸುತ್ತದೆ ಎಂದು ಅವಳು ಹಲ್ಲು ಕಚ್ಚಿದಳು. ಮುಗ್ಗರಿಸಲಿಲ್ಲ. ತಿರುಗಿತು, ಮೆಲ್ಲನೆ ಇಳಿಯಿತು, ಇಳಿಯುತ್ತ ಇಳಿಯುತ್ತ ಅಗಲವಾಯಿತು. ಅಷ್ಟು ದಿನ ಬೈದುಕೊಂಡು ಕೇಳಿದ ಹಾಡಿಗೆ ಇಂಥದೊಂದು ಮುಂದಿದೆಯೆಂದು ಅವಳು ಎಣಿಸಿಯೇ ಇರಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದವನೊಬ್ಬ ತನ್ನ ನಂಬರು ಕೂಗಿದರೂ ಏಳಲಿಲ್ಲ. ನರ್ಸು ಔಷಧದ ಟ್ರೇ ಹಿಡಿದು ನಿಂತಲ್ಲೇ ಅತ್ತಳು, ಯಾರಾದರೂ ನೋಡುತ್ತಾರೆಂಬ ಪರಿವೆಯೂ ಇಲ್ಲದೆ.

ಇನ್ನು ಮನೆಯಲ್ಲೇ ನುಡಿಸಿ ಎಂದು ಅವರಿಗೆ ಹೇಳಬೇಕೆಂದುಕೊಂಡಳು. ಇವತ್ತು, ನಾಳೆ, ಪಾಳಿ ಬದಲಾದ ಮೇಲೆ ಎನ್ನುತ್ತ ಆರು ತಿಂಗಳು ಕಳೆದವು.

*

“ಅಕ್ಕಾ, ಆ ಅರ್ಜಿ ಬರೆದದ್ದು ನಾನು.” ಬಾಯಿಪಾಠವೆಲ್ಲ ಮರೆತು ಇಷ್ಟೇ ಹೊರಬಂತು.

ಗಂಡನ ತಲೆಯ ಬಳಿ ಕೂತಿದ್ದ ಹೆಂಡತಿ ಮುಖವೆತ್ತಲಿಲ್ಲ. “ಗೊತ್ತು ಕಣಮ್ಮ. ಬೆಳಿಗ್ಗೆ ಹೊತ್ತು ಮಲಗೋರು ಈ ಕಟ್ಟಡದಲ್ಲಿ ಇನ್ಯಾರಿದ್ದಾರೆ?”

“ತಪ್ಪಾಯ್ತು.”

“ಸಹಿ ಇಲ್ದೆ ನಡೆಯಲ್ಲ ಅಂತ ಸೆಕ್ರೆಟರಿ ನನ್ನ ಹತ್ರ ತಂದ್ರು. ಬೇಕಾದ್ರೆ ಹರಿದು ಹಾಕಿ ಅಂದ್ರು.” ಆಕೆ ಗಂಡನ ಅಂಗಿಯ ಕಾಲರು ಸರಿಮಾಡಿದಳು. “ನಾನೇ ಸಹಿ ಹಾಕ್ದೆ. ನಿಂಗೆ ಸೂರಾದ್ರೂ ಅಡ್ಡ ಇತ್ತು. ನಂಗೇನಿತ್ತು?”

ನರ್ಸು ಆಕೆಯ ಪಕ್ಕದಲ್ಲೇ ನೆಲದ ಮೇಲೆ ಕೂತಳು.

“ಅವರು ಅದನ್ನ ಓದಿದ್ರು. ನನ್ನ ಸಹಿ ನೋಡಿದ್ರು. ಮಡಿಸಿ ಜೇಬಲ್ಲಿಟ್ಕೊಂಡು ಅಂಗಡಿಗೆ ಹೋದ್ರು. ಮತ್ತೆ ಆ ಮಾತೇ ಎತ್ತಲಿಲ್ಲ. ಆ ಹಾಡು ಅವರಿಗೆ ಕೊನೆಗಾದ್ರೂ ಬಂತೋ ಇಲ್ವೋ.”

“ಬಂತು ಅಕ್ಕಾ. ನಮ್ಮ ಆಸ್ಪತ್ರೆ ಹಜಾರದಲ್ಲಿ ಎಲ್ಲರ ಮುಂದೆ ನುಡಿಸಿದ್ರು. ಪೂರ್ತಿ.”

ಹೆಂಡತಿ ಈಗ ಮುಖವೆತ್ತಿದಳು. “ನಂಗೆ ಹೇಳ್ಲೇ ಇಲ್ಲ,” ಎಂದಳು. “ಹೇಗಿತ್ತು, ಮುಂದೆ?”

“ನಂಗೆ ಹಾಡೋಕೆ ಬರಲ್ಲ.”

“ಅವರಿಗೇನು ಬರ್ತಿತ್ತಾ? ಹಾಡು.”

“ಹೊತ್ತಾಯ್ತು, ವ್ಯಾನಿನವರು ಕರೀತಿದ್ದಾರೆ,” ಎಂದ ಭಾವಮೈದ. ನಾಲ್ವರು ಎತ್ತಲು ಬಗ್ಗಿದರು.

ನರ್ಸು ಕಣ್ಣು ಮುಚ್ಚಿ ಗುನುಗತೊಡಗಿದಳು. ಶ್ರುತಿ ಗಿತಿ ಏನೂ ಇಲ್ಲ. ಮೊದಲ ಸಾಲಿಗೆ ಹೆಂಡತಿಯೂ ದನಿಗೂಡಿಸಿದಳು. ಅದು ಆಕೆಗೆ ನಿದ್ದೆಯಲ್ಲೂ ಬರುತ್ತಿತ್ತು. ತಿರುವು ಬಂದಾಗ ಆಕೆ ರೂಢಿಯಂತೆ ಗಕ್ಕನೆ ನಿಂತಳು. ನರ್ಸು ಒಬ್ಬಳೇ ಮುಂದೆ ಹೋದಳು. ನಾಲ್ವರೂ ಬಗ್ಗಿದವರು ಬಗ್ಗಿದಂತೆಯೇ ಉಳಿದರು. ಹೆಂಡತಿ ಗಂಡನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ, ಕಿವಿಯನ್ನು ನರ್ಸಿನ ಬಾಯಿಯ ಹತ್ತಿರಕ್ಕೆ ತಂದಳು.