ಓಣಿಗೆ ಬಡಿದ ತಗಡು

"ಮೆಷಿನ್‌ದು ಏನೂ ತಪ್ಪಿಲ್ಲಮ್ಮಾ. ಇನ್ನೆಷ್ಟು ಸಲ ಹೇಳ್ಲಿ?" ಎನ್ನುತ್ತ ಎಸಿ ಮೆಕ್ಯಾನಿಕ್ ಸ್ಪ್ಯಾನರನ್ನು ಚೀಲಕ್ಕೆ ತುರುಕಿದ. ಕೆಳಮಹಡಿಯ ಈ ಮನೆಗೆ ಹದಿನೈದು ದಿನದಲ್ಲಿ ಅವನು ಬಂದದ್ದು ಇದು ಐದನೆಯ ಸಲ.

"ಹಾಗಾದ್ರೆ ರೂಮು ಯಾಕೆ ತಣ್ಣಗಾಗಲ್ಲ?" ಎಂದರು ಟೀಚರಮ್ಮ. ಅವರ ಗಂಡ ದಿಂಬಿಗೊರಗಿ ಕೂತು ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದರು. ಸೆಕೆಯಲ್ಲಿ ಇಡಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಮೆಕ್ಯಾನಿಕ್ ಕಿಟಕಿಯಾಚೆ ಕೈ ತೋರಿಸಿದ. ಎರಡು ಕಟ್ಟಡಗಳ ನಡುವಿನ ಆರಡಿ ಓಣಿಯಲ್ಲಿ ಇಪ್ಪತ್ತು ಎಸಿ ಡಬ್ಬಗಳು ಎದುರುಬದುರು ನೇತಾಡುತ್ತ, ಒಂದರ ಮುಖಕ್ಕೊಂದು ಬಿಸಿ ಉಗುಳುತ್ತಿದ್ದವು. ಮೊದಲೆಲ್ಲ ಹಿಂದಿನ ಮೈದಾನದಿಂದ ನುಗ್ಗುವ ಗಾಳಿ ಆ ಬಿಸಿಯನ್ನು ಬೀದಿಗೆ ಹೊತ್ತೊಯ್ಯುತ್ತಿತ್ತು. ದಾರಿಹೋಕರು ಕಸ ಎಸೆಯುತ್ತಾರೆಂದು ಕಟ್ಟಡದ ಸೆಕ್ರೆಟರಿ ಓಣಿಯ ಎರಡೂ ತುದಿಗೆ ಎರಡಾಳೆತ್ತರದ ತಗಡು ಬಡಿಸಿದ್ದರು. ಅಲ್ಲಿಂದ ಶುರುವಾದದ್ದು ಈ ರಗಳೆ.

ಹೇಳಿಕಳಿಸಿದವರ ಹಾಗೆ ಸೆಕ್ರೆಟರಿಯೇ ಒಳಗೆ ಬಂದರು. "ದೊಡ್ಡ ಮೆಷಿನ್ ಹಾಕಿಸಿ ಟೀಚರ್. ನಾನು ಹಾಕಿಸ್ಲಿಲ್ವಾ?"

"ನಿಮ್ಮ ದೊಡ್ಡ ಮೆಷಿನ್ ಬಿಟ್ಟ ಬಿಸೀನೇ ಸಾರ್ ಇವರ ಮೆಷಿನ್ ಕುಡೀತಿರೋದು! ಆ ತಗಡು ತೆಗೆಸಿ," ಎಂದ ಮೆಕ್ಯಾನಿಕ್.

"ಆಮೇಲೆ ಕಸ ಯಾರು ಎತ್ತೋದು, ನೀನಾ? ಕೆಲಸ ಬರಲ್ಲ ಅಂತ ಒಪ್ಕೊ. ನಾಳೆಯಿಂದ ಬೇರೆ ಮೆಕ್ಯಾನಿಕ್ ಬರ್ತಾನೆ."

ಮೆಕ್ಯಾನಿಕ್ ಬಾಯಿ ತೆರೆಯುವಷ್ಟರಲ್ಲಿ ಢಬ್ಬೆಂದು ಎರಡೂ ಕಟ್ಟಡಕ್ಕೆ ಸೇರಿದ ಮೇನ್ ಫ್ಯೂಸು ಹೋಯಿತು. ಬೆಳಗಿನಿಂದ ಇದು ಮೂರನೆಯ ಬಾರಿ. ಇಪ್ಪತ್ತು ಮೆಷಿನ್‌ಗಳ ಗದ್ದಲ ನಿಂತ ಆ ಕೋಣೆಯಲ್ಲಿ ಉಳಿದದ್ದು ಮಂಚದ ಮೇಲಿನ ಉಸಿರಿನ ಸದ್ದೊಂದೇ.

"ಹೋಗಪ್ಪಾ, ಫ್ಯೂಸಾದ್ರೂ ಹಾಕು," ಎಂದರು ಸೆಕ್ರೆಟರಿ.

ಅವನು ಏಣಿ ಹೆಗಲಿಗೇರಿಸಿ ಹೊರಟ. ಮೀಟರ್ ಬೋರ್ಡಿನ ಮುಂದೆ ನಿಲ್ಲಲಿಲ್ಲ. ನೇರ ಹಿಂದಕ್ಕೆ ಹೋಗಿ ಮೈದಾನದ ಕಡೆಯ ತಗಡಿನ ಬೋಲ್ಟುಗಳನ್ನು ಬಿಚ್ಚಿ ಇಳಿಸಿದ. ಆಮೇಲೆ ಬೀದಿ ಕಡೆಯದಕ್ಕೆ ಏಣಿ ಆನಿಸಿದ. ಈ ಕಟ್ಟಡದ ಹತ್ತು ಮನೆಗಳ ಕೆಲಸ ಇವತ್ತಿಗೆ ಮುಗಿಯಿತೆಂದು ಅವನಿಗೆ ಗೊತ್ತಿತ್ತು. ಆದರೂ ಕೊನೆಯ ಬೋಲ್ಟು ತಿರುಗಿಸಿದ.

ತಗಡು ಬಿದ್ದ ಸದ್ದಿಗೆ ಸೆಕ್ರೆಟರಿ ಬೀದಿಗೆ ಓಡಿಬಂದು ಓಣಿಯ ಬಾಯಿಗೆ ಅಡ್ಡ ನಿಂತರು. "ಯಾರನ್ನ ಕೇಳಿ ತೆಗ್ದೆ? ಇನ್ನೊಂದ್ಸಲ ಗೇಟೊಳಗೆ ಕಾಲಿಡು, ನೋಡ್ಕೋತೀನಿ!"

ಮೆಕ್ಯಾನಿಕ್ ಏಣಿ ಮಡಚಿದ. ಒಳಗೆ ಟೀಚರಮ್ಮ ಕಿಟಕಿಯ ಚಿಲಕ ಎಳೆಯುವುದು ಕೇಳಿಸಿತು. ಸೆಕ್ರೆಟರಿ ಬೆರಳಾಡಿಸಿ ಬೈಯುತ್ತಲೇ ಇದ್ದರು. ಬೆವರಿಗೆ ಬೆನ್ನಿಗಂಟಿದ್ದ ಅವರ ಅಂಗಿ ಮೆಲ್ಲಗೆ ಬಿಟ್ಟುಕೊಂಡು, ಹಿಂದಕ್ಕೆ ಉಬ್ಬತೊಡಗಿತು.