ದೆವ್ವವಿಲ್ಲದ ಸಿನಿಮಾಕ್ಕೆ ಸೊನ್ನೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಮೂವತ್ತೊಂದು ವರ್ಷ ರಾಮದುರ್ಗದಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾಗಿ ಬೈಲಹೊಂಗಲಕ್ಕೆ ಬಂದವಳು ನಾನು, ಶರ್ವರಿ. ನನ್ನ ಕೆಂಪು ಪೆನ್ನಿಗೆ ಹೆದರದ ಹುಡುಗರಿರಲಿಲ್ಲ. ಅದೇ ಪೆನ್ನಿನಿಂದ ಹೋದ ಫೆಬ್ರುವರಿಯಲ್ಲಿ ಒಬ್ಬ ಹುಡುಗಿಯ ಮಾನ ಕಳೆಯಲು ಹೊರಟಿದ್ದೆ.

ಇಲ್ಲಿನ ಕಾಲೇಜೊಂದರ ವಾರ್ಷಿಕ ಗ್ಯಾದರಿಂಗಿಗೆ ಕಿರುಚಿತ್ರ ಸ್ಪರ್ಧೆ ಇಟ್ಟಿದ್ದರು. ಎಲ್ಲ ತಂಡಗಳೂ ಒಂದೇ ಮೊಬೈಲ್ ಆಟವನ್ನು ಸಿನಿಮಾ ಮಾಡಬೇಕು. ಆಟದ ಹೆಸರು ‘ಹನ್ನೊಂದು ಬಾಗಿಲು’, ಹುಬ್ಬಳ್ಳಿಯ ಯಾರೋ ಹುಡುಗರು ಮಾಡಿದ್ದಂತೆ. ದೊಡ್ಡ ಬಂಗಲೆಯಂಥ ಹಳೆಯ ವಾಡೆಯೊಂದರ ಹನ್ನೊಂದು ಬಾಗಿಲು ದಾಟಿ ಹೊರಬಿದ್ದು ಮನೆ ಮುಟ್ಟಬೇಕು, ಬೆನ್ನ ಹಿಂದೆ ದೆವ್ವ. ತೀರ್ಪುಗಾರರು ಇಬ್ಬರು. ಕತೆ ತೂಗಲು ನಾನು, ಆಟ ತೂಗಲು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಭೀಮಶಿ. ಅವನು ಆ ಆಟವನ್ನು ನಲವತ್ತು ಸಲ ಆಡಿದವನು. ಸ್ಪರ್ಧೆ ನಡೆಸುತ್ತಿದ್ದ ಮಹಾದೇವ ಸರ್ ನನಗೂ ಆಟವನ್ನು ಕಳಿಸಿದ್ದರು. ಕಾದಂಬರಿಯಾಗಿದ್ದರೆ ಓದುತ್ತಿದ್ದೆ, ಆಟವನ್ನೇನು ಓದುವುದು ಎಂದು ನಾನು ತೆರೆಯಲಿಲ್ಲ.

ಆರು ಸಿನಿಮಾ ಬಂದವು. ಐದರಲ್ಲಿ ದೆವ್ವವೋ ದೆವ್ವ. ಮುಖಕ್ಕೆ ಪೌಡರು, ಬಿಚ್ಚಿದ ಕೂದಲು, ಟಾರ್ಚಿನ ಬೆಳಕು. ಆರನೆಯದು ಸಾಲಹಳ್ಳಿಯ ಪ್ರಣಿತಾ ಎಂಬ ಬಿ.ಎ. ಹುಡುಗಿ ಮಾಡಿದ್ದು. ತೊರಗಲ್ ಕೋಟೆಯ ಬಾಗಿಲಿನಿಂದ ಅವಳೇ ನಡೆದು ಬರುತ್ತಾಳೆ. ಹಿಂದಿನಿಂದ ಯಾರೋ ಕರೆಯುತ್ತಾರೆ. ಅವಳು ತಿರುಗುವುದಿಲ್ಲ. ಮತ್ತೆ ಕರೆಯುತ್ತಾರೆ, ಮತ್ತೆ ನಡೆಯುತ್ತಾಳೆ. ಒಂಬತ್ತು ನಿಮಿಷ ಇಷ್ಟೇ. ಕೊನೆಗೆ ಮನೆಯ ಮುಂದೆ ಕಾಲು ತೊಳೆದುಕೊಂಡು ಒಳಗೆ ಹೋಗುತ್ತಾಳೆ. ದೆವ್ವ ಹೋಗಲಿ, ದೆವ್ವದ ನೆರಳೂ ಇಲ್ಲ.

ನನಗೆ ರೇಗಿಹೋಯಿತು. ‘ಮೂಲಕ್ಕೆ ನಿಷ್ಠೆ’ ಎಂಬ ಕಾಲಮ್ಮಿನಲ್ಲಿ ಸೊನ್ನೆ ಹಾಕಿದೆ. ಕೆಳಗೆ ಬರೆದೆ: ‘ಇವರು ಆಟವನ್ನು ಆಡಿಯೇ ಇಲ್ಲ.’

ಬರೆದದ್ದು ಒಂದು ಸಾಲು, ಅದು ಹೋಗಿ ಮುಟ್ಟಿದ್ದು ಸ್ಪರ್ಧೆಯ ಮೂರನೇ ನಿಯಮಕ್ಕೆ. ಆಟ ಆಡದೆ ಸಿನಿಮಾ ಮಾಡಿದವರನ್ನು ಸ್ಪರ್ಧೆಯಿಂದ ತೆಗೆದು, ಮೋಸ ಮಾಡಿದರೆಂದು ನೋಟಿಸ್ ಬೋರ್ಡಿಗೆ ಹೆಸರು ಹಾಕಬೇಕು. ಮಹಾದೇವ ಸರ್ ಮಾರನೆಯ ದಿನ ಬೆಳಿಗ್ಗೆ ಸ್ಟಾಫ್ ರೂಮಿಗೆ ಅವಳನ್ನು ಕರೆಸಿದರು. ಉಳಿದ ತಂಡಗಳ ಹುಡುಗರು ಬಾಗಿಲಲ್ಲಿ ಮುಗಿಬಿದ್ದಿದ್ದರು. ಆಟ ಆಡಿದ್ದೀಯಾ ಎಂದು ಸರ್ ಕೇಳಿದರು. ಕೊನೆಯ ಬಾಗಿಲಿನವರೆಗೂ ಆಡಿದ್ದೇನೆ ಎಂದಳು. ಹಾಗಾದರೆ ದೆವ್ವ ಹೇಗಿದೆ ಹೇಳು ಎಂದೆ ನಾನು.

“ನನಗ ಕಂಡಿಲ್ರಿ,” ಎಂದಳು ಪ್ರಣಿತಾ.

ಬಾಗಿಲಲ್ಲಿದ್ದವರು ನಕ್ಕರು. ಸುಳ್ಳು ಹೇಳುವುದಾದರೆ ಅದನ್ನಾದರೂ ಅಭ್ಯಾಸ ಮಾಡಿಕೊಂಡು ಬರಬೇಕು ಎಂದು ನಾನೂ ಒಂದು ಸೇರಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹುಡುಗಿ ಅಳಲಿಲ್ಲ. ತಮ್ಮ ಓಣಿಯಿಂದ ಈ ಕಾಲೇಜಿಗೆ ಬಂದ ಮೊದಲನೆಯವಳು ತಾನು, ಬೋರ್ಡಿನ ಮೇಲೆ ಹೆಸರು ಬಂದರೆ ಹಿಂದೆ ಬರುವವರಿಗೂ ಅದೇ ಹೆಸರು ಅಂಟುತ್ತದೆ ಎಂದಷ್ಟೇ ಮೆಲ್ಲಗೆ ಹೇಳಿದಳು.

ನನ್ನ ಪಕ್ಕದಲ್ಲಿ ಕೂತಿದ್ದ ಭೀಮಶಿ ಕುರ್ಚಿ ಮುಂದಕ್ಕೆ ಎಳೆದುಕೊಂಡು, “ನೀ ಹೊಳ್ಳಿ ನೋಡಲೇ ಇಲ್ಲೇನವಾ?” ಎಂದು ಕೇಳಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಬೆರಗಾಗಿ ನನಗೆ ಬಿಡಿಸಿ ಹೇಳಿದ. ಪ್ರತಿ ಬಾಗಿಲಲ್ಲೂ ಹಿಂದಿನಿಂದ ಒಂದು ದನಿ ಕರೆಯುತ್ತದೆ. ಆಡುವವರು ತಿರುಗಿದರೆ ಮಾತ್ರ ದೆವ್ವ ಕಾಣುತ್ತದೆ, ಮೇಲೆ ಎರಗುತ್ತದೆ, ಆಟ ಅಲ್ಲಿಗೇ ನಿಲ್ಲುತ್ತದೆ. ನಲವತ್ತು ಸಲದಲ್ಲಿ ಒಂದಲ್ಲ ಒಂದು ಬಾಗಿಲಲ್ಲಿ ತಾನು ತಿರುಗದೆ ಇದ್ದದ್ದೇ ಇಲ್ಲ, ತಿರುಗದೆ ಹೋದರೆ ಮನೆ ಮುಟ್ಟಬಹುದು ಎಂದು ತನಗೆ ಇವತ್ತಿನವರೆಗೆ ಗೊತ್ತೇ ಇರಲಿಲ್ಲ ಎಂದ. ಆಮೇಲೆ ತನ್ನ ಫೋನನ್ನು ನನ್ನ ಮುಂದೆ ಇಟ್ಟ.

“ಮೇಡಂ, ನೀವೂ ಆಟ ಆಡಿಲ್ಲಲ್ರಿ.”

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕಿದರು ಎನ್ನುತ್ತಾರಲ್ಲ, ಆ ಗಾದೆಯನ್ನು ಎಷ್ಟೋ ವರ್ಷ ಮಕ್ಕಳಿಗೆ ವಿವರಿಸಿ ಬರೆಯಿರಿ ಎಂದು ಕೊಟ್ಟವಳು ನಾನು. ಫೋನು ತೆಗೆದುಕೊಂಡೆ.

ಆಟ ಮೊದಲು ಒಂದು ಪ್ರಶ್ನೆ ಕೇಳಿತು: ಮನೆಯಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ? ಯೋಚಿಸದೆ ‘ಶರೂ’ ಎಂದು ಒತ್ತಿದೆ. ಹಾಗೆ ಕರೆಯುತ್ತಿದ್ದವರು ನನ್ನ ಯಜಮಾನರು ಒಬ್ಬರೇ. ಅವರು ಹೋಗಿ ನಾಲ್ಕು ವರ್ಷವಾಯಿತು. ಕತ್ತಲ ಪಡಸಾಲೆ, ಮೊದಲ ಬಾಗಿಲು. ಹಿಂದಿನಿಂದ ದನಿ ಬಂತು. ಯಂತ್ರದ ದನಿ, ಗಂಡೂ ಅಲ್ಲ ಹೆಣ್ಣೂ ಅಲ್ಲ. ಆದರೂ “ಶರೂ” ಎಂದಿತು. ನನ್ನ ಬೆರಳು ತಾನೇ ತಿರುಗಿತು. ಏನೋ ಕಪ್ಪಗಿನದು ಪರದೆಯ ತುಂಬ ಬಂತು, ಆಟ ಮುಗಿಯಿತು. ಹನ್ನೊಂದರಲ್ಲಿ ನಾನು ಒಂದು ಬಾಗಿಲನ್ನೂ ದಾಟಿರಲಿಲ್ಲ.

ನಾನು ಪ್ರಣಿತಾಳನ್ನು ಕೇಳಿದೆ. “ನೀ ಯಾವ ಹೆಸರು ಹಾಕಿದ್ದಿ?”

“ಚಿಗರಿ ಅಂತ ಹಾಕಿದ್ದೆ ರೀ. ನಮ್ಮ ಆಯಿ ಹಂಗ ಕರೀತಿದ್ಲು.”

ಆಯಿ ಎಂದರೆ ಅವಳ ಅಜ್ಜಿ ರಾಯವ್ವ. ಹೋದ ದೀಪಾವಳಿಗೆ ಮುಂಚೆ ತೀರಿಕೊಂಡಿದ್ದಳು. ಅವರಲ್ಲಿ ಹೆಣ್ಣುಮಕ್ಕಳೂ ಮಣ್ಣಿಗೆ ಹೋಗುತ್ತಾರೆ. ಪ್ರಣಿತಾಳೂ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬಂದಿದ್ದಳು. ಬರುವ ದಾರಿಯಲ್ಲಿ ಹಿರಿಯರು ಹೇಳಿಕೊಟ್ಟ ಮಾತು ಒಂದೇ. ಯಾರು ಕರೆದಂತಾದರೂ ಹೊಳ್ಳಿ ನೋಡಬೇಡ, ಮನೆ ಮುಟ್ಟಿ ಕಾಲು ತೊಳೆದುಕೋ.

“ಅಂಜಿಕಿ ಬರಲಿಲ್ಲೇನು?” ಎಂದೆ.

“ಅಂಜಿಕಿ ದೆವ್ವದ್ದಲ್ರಿ. ನಾ ಹೊಳ್ಳಿ ನೋಡಿದ್ರ ಆಯಿ ಹೊಳ್ಳಿ ಬರತಾಳ. ಆಕಿ ದಾರಿ ತಪ್ಪತೈತಿ. ನೋಡಬೇಕಂತ ಹನ್ನೊಂದೂ ಸರತಿ ಅನಿಸ್ತ್ರಿ.”

ಎಲ್ಲರ ಮುಂದೆ ಅವಳು ಇನ್ನೊಮ್ಮೆ ಆಡಿದಳು. ನಾನು ಫೋನನ್ನು ನೋಡಲಿಲ್ಲ, ಅವಳ ಕತ್ತನ್ನು ನೋಡಿದೆ. ದನಿ ಕರೆದಾಗಲೆಲ್ಲ ಕತ್ತಿನ ನರ ಬಿಗಿಯಾಗುತ್ತಿತ್ತು, ಬೆರಳು ಮಾತ್ರ ಮುಂದಕ್ಕೇ ಹೋಗುತ್ತಿತ್ತು. ಹನ್ನೊಂದನೆಯ ಬಾಗಿಲಾದ ಮೇಲೆ ಪರದೆಯ ಮೇಲೆ ‘ಮನೆ ಬಂತು’ ಎಂದು ಅಕ್ಷರ ಮೂಡಿತು. ನಗುತ್ತಿದ್ದ ಹುಡುಗರು ಸರಿದು ದಾರಿ ಬಿಟ್ಟರು.

ಆಮೇಲೆ ಅವಳ ಸಿನಿಮಾ ಮತ್ತೆ ನೋಡಿದೆ. ಉಳಿದ ಐದು ತಂಡಗಳು ಆಟದಲ್ಲಿ ಕಂಡದ್ದನ್ನು ತೆಗೆದಿದ್ದವು. ಇವಳು ಆಡುವವಳ ಒಳಗೆ ಆಗುವುದನ್ನು ತೆಗೆದಿದ್ದಳು. ಆಟವೆಂದರೆ ವಾಡೆಯಲ್ಲ, ದೆವ್ವವೂ ಅಲ್ಲ, ತಿರುಗಲೋ ಬೇಡವೋ ಎನ್ನುವ ಆ ಒಂದು ಗಳಿಗೆ. ಅದನ್ನು ಬೆಳ್ಳಗೆ ಪೌಡರು ಬಳಿದು ತೋರಿಸಲು ಬರುವುದಿಲ್ಲ. ಇಷ್ಟು ತಿಳಿಯಲು ನನಗೆ ನಾನೇ ಒಮ್ಮೆ ಸೋಲಬೇಕಾಯಿತು.

ಸೊನ್ನೆಯನ್ನು ಹೊಡೆದು ಹಾಕಿ ಹತ್ತಕ್ಕೆ ಹತ್ತು ಕೊಟ್ಟೆ. ಹಾಗೆಂದು ಕರುಣೆ ತೋರಿಸಲಿಲ್ಲ; ಕ್ಯಾಮೆರಾ ಅಲುಗಾಡಿತ್ತು, ಅದಕ್ಕೆ ನಾಲ್ಕೇ. ಅವಳಿಗೆ ಎರಡನೇ ಬಹುಮಾನ ಬಂತು. ಗ್ಯಾದರಿಂಗಿನ ದಿನ ಮೈಕಿನ ಮುಂದೆ ನಿಂತು, ಆಟ ಆಡದೆ ತೀರ್ಪು ಬರೆದವಳು ನಾನು, ಮೋಸ ಮಾಡಿದ್ದರೆ ಅದು ನನ್ನದು ಎಂದು ಹೇಳಿದೆ. ಪ್ರಣಿತಾ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು ತಲೆ ಎತ್ತಿ ಕೇಳಿಸಿಕೊಂಡಳು.

ನಮ್ಮ ಮನೆತನದಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಯಜಮಾನರನ್ನು ಒಯ್ದ ದಿನ ನಾನು ಹೊಸ್ತಿಲಲ್ಲಿ ನಿಂತಿದ್ದೆ, ಓಣಿಯ ತಿರುವಿನವರೆಗೆ ಚಟ್ಟ ಕಂಡಿತು, ಆಮೇಲೆ ಕಾಣಲಿಲ್ಲ. ಹೊಳ್ಳಿ ನೋಡದೆ ನಡೆದು ಬರುವುದನ್ನು ನನಗೆ ಯಾರೂ ಕಲಿಸಲಿಲ್ಲ.

ಈಗ ಆಟ ನನ್ನ ಫೋನಿನಲ್ಲೂ ಇದೆ. ಊಟವಾದ ಮೇಲೆ ಒಂದು ಸಲ ಆಡುತ್ತೇನೆ. ಅದು ಯಂತ್ರ ಎಂದು ನನಗೆ ಗೊತ್ತು. ಮೊನ್ನೆ ನಾಲ್ಕನೆಯ ಬಾಗಿಲಿನವರೆಗೆ ಹೋಗಿದ್ದೆ. “ಶರೂ” ಎಂದಿತು. ಇವತ್ತು ಮೊದಲನೆಯದರಲ್ಲೇ ತಿರುಗಿದೆ.