ತಂಪು ಪಾನೀಯದ ಬಾಟಲಿಯಲ್ಲಿ ವಿಷ

ತಮ್ಮ ತೀರಿಕೊಂಡನೆಂದು ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಪ್ರಾರ್ಥನೆ ಮುಗಿಸಿ, ಅವನಿಗೆ ಒಯ್ಯಲು ಹಾಲು ಆರಿಸುತ್ತಿದ್ದೆ. ಹಿಂದಿನ ಸಂಜೆಯಷ್ಟೇ, "ಅಣ್ಣ, ಮುಖ ಹಾಗೆ ಇಟ್ಕೋಬೇಡ. ಕಾಯಿಲೆ ನಿನಗೇನೋ ಅನ್ಕೋತಾರೆ ಜನ" ಎಂದು ಉಬ್ಬಸದ ನಡುವೆಯೂ ನಕ್ಕಿದ್ದ.

ಅವನು ಆಟದ ಮೈದಾನದ ಮಾಲಿ. ಕಳೆನಾಶಕದ ದೊಡ್ಡ ಕ್ಯಾನು ಹೊರುವುದು ಕಷ್ಟವೆಂದು, ಪ್ರತಿಯೊಬ್ಬನ ಪಾಲನ್ನು ಖಾಲಿ ತಂಪು ಪಾನೀಯದ ಬಾಟಲಿಗೆ ಸುರಿದು ಕೊಡುವುದು ಅಲ್ಲಿಯ ಮೇಸ್ತ್ರಿಯ ರೂಢಿ. ಕ್ಯಾನಿನ ಮೇಲೆ ತಲೆಬುರುಡೆಯ ಚಿತ್ರವಿದೆ. ಬೇರೆ ಪಾತ್ರೆಗೆ ಸುರಿಯಬೇಡಿ, ಬೀಗ ಹಾಕಿಡಿ ಎಂದು ಅಚ್ಚಾಗಿದೆ. ಬಾಟಲಿಯ ಮೇಲಿರುವುದು ನಗುಮುಖ! ಉಳಿದ ವಿಷವನ್ನು ಇಡುವುದು ಸಾಮಾನು ಕೋಣೆಯ ಕಿಟಕಿಯಲ್ಲಿ, ಊಟದ ಡಬ್ಬಿಗಳ ಪಕ್ಕ. ಅದಕ್ಕೆ ಅವರೆಲ್ಲ ಇಟ್ಟ ಹೆಸರು ಔಷಧಿ.

ಬಿಸಿಲಿನಿಂದ ಬಂದ ತಮ್ಮ ಪಾನೀಯವೆಂದುಕೊಂಡು ಒಂದು ಗುಟುಕು ನುಂಗಿದ. ಬಾಯಲ್ಲಿ ಉಳಿದದ್ದನ್ನು ಉಗಿದು, ಮುಕ್ಕಳಿಸಿ ಮತ್ತೆ ಕೆಲಸಕ್ಕಿಳಿದ. ಬಾಯಿ ಹುಣ್ಣಾದ ಮೇಲಷ್ಟೇ ಆಸ್ಪತ್ರೆಗೆ ಹೋದ.

"ಇದು ಬಿಸಿಲಲ್ಲಿ ಹಸಿರೆಲೆಯನ್ನ ಒಳಗಿಂದ ಸುಡುತ್ತೆ," ಎಂದರು ವೈದ್ಯೆ. "ಮನುಷ್ಯನ ಶ್ವಾಸಕೋಶ ಸುಡೋಕೆ ಬಿಸಿಲೂ ಬೇಡ, ಉಸಿರೇ ಸಾಕು. ಇದನ್ನ ಇಳಿಸೋ ಮದ್ದಿಲ್ಲ. ನುಂಗಿದ ಕೂಡಲೇ ಬಂದಿದ್ರೆ ಏನಾದ್ರೂ ಪ್ರಯತ್ನ ಮಾಡಬಹುದಿತ್ತು."

ಅಂತ್ಯಕ್ರಿಯೆಯ ಮರುದಿನ ಮೇಸ್ತ್ರಿ ಮನೆಗೆ ಬಂದ.

"ಯಜಮಾನ್ರೇ, ಅವನಿಗೆ ಮನಸ್ಸಿಗೆ ಬೇಜಾರಿತ್ತು, ತಾನೇ ಕುಡಿದ ಅಂತ ಪೊಲೀಸರಿಗೆ ಹೇಳ್ಬಿಡಿ. ಪಾಪ, ಉಳಿದವರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

ನನ್ನ ಮೈಯೆಲ್ಲ ಉರಿದುಹೋಯಿತು. ದೇವರು ಕೊಟ್ಟ ಜೀವವನ್ನು ತಾನೇ ಕಳೆದುಕೊಂಡವನೆಂಬ ಹೆಸರು ನನ್ನ ತಮ್ಮನಿಗೆ? ಮೇಸ್ತ್ರಿಯ ತೋಳು ಹಿಡಿದು ಮೈದಾನಕ್ಕೇ ಎಳೆದೊಯ್ದೆ. ಸಾಮಾನು ಕೋಣೆಯ ಕಿಟಕಿಯಲ್ಲಿ ಇನ್ನೂ ಅದೇ ಬಾಟಲಿಗಳ ಸಾಲು. ಕೆಲವುಗಳಲ್ಲಿ ಪಾನೀಯ, ಕೆಲವುಗಳಲ್ಲಿ ಅದೇ ಬಣ್ಣದ ವಿಷ.

"ಬಾಯಾರಿದೆಯೇನಪ್ಪ? ಕೈಗೆ ಸಿಕ್ಕಿದ್ದನ್ನ ಎತ್ತಿ ಕುಡಿ."

ಮೇಸ್ತ್ರಿ ಕೈ ಚಾಚಲಿಲ್ಲ. "ವಯಸ್ಸಾದೋರು, ಹೀಗೆಲ್ಲ ಆಡಬಾರದು..."

"ಕುಡಿಯೋ! ನನ್ನ ತಮ್ಮ ಬೇಕಂತಲೇ ಕುಡಿದ ಅಂದ್ಯಲ್ಲ, ನೀನು ವಿಷ ಬಿಟ್ಟು ಪಾನೀಯಾನ ಆರಿಸಿ ತೋರಿಸು!"

ಬಾಗಿಲಲ್ಲಿ ನಿಂತಿದ್ದ ಹುಲ್ಲು ಕತ್ತರಿಸುವವನು ಮುಂದೆ ಬಂದ. "ಅಣ್ಣಾವ್ರೇ, ಯಾವುದರಲ್ಲಿ ಏನಿದೆ ಅಂತ ನಮಗೂ ಗೊತ್ತಾಗಲ್ಲ. ಇವನೇ ಸುರಿದು ಕೊಡೋದು. ಪೊಲೀಸರ ಹತ್ರ ನಾನೇ ಹೇಳ್ತೀನಿ."

ಮೇಸ್ತ್ರಿ ಅವನನ್ನು ದುರುಗುಟ್ಟಿ ನೋಡಿದ. ಅವನು ಕದಲಲಿಲ್ಲ. ನಾನೂ ಹುಲ್ಲು ಕತ್ತರಿಸುವವನೂ ಠಾಣೆಯ ಕಡೆ ನಡೆದೆವು.

ದೇವರೇ, ಈ ಸಿಟ್ಟನ್ನು ಸದ್ಯಕ್ಕೆ ನನ್ನಿಂದ ಕಿತ್ತುಕೊಳ್ಳಬೇಡ, ಕೆಲಸವಿದೆ. ಆದರೆ ಉಸಿರಿಗಾಗಿ ಅಷ್ಟು ಒದ್ದಾಡಿದ ಆ ಜೀವಕ್ಕೆ ನಿನ್ನ ಪಾದದಲ್ಲಿ ನೆಮ್ಮದಿ ಕೊಡು.